ನಂದಾಳ ರೊಟ್ಟಿಗೆ ನಾನು ಕಟ್ಟಿದ ವೆಬ್‌ಸೈಟು

ನಂದಾಳ ಮೇಲೆ ನನ್ನದೊಂದು ತಕರಾರಿದೆ. ಹೋಗುವವರು ಗೆಳತಿಗೆ ಒಂದು ಇಳಕಲ್ ಸೀರೆಯನ್ನೋ ಒಂದು ಜೊತೆ ಓಲೆಯನ್ನೋ ಬಿಟ್ಟು ಹೋಗುತ್ತಾರೆ. ನಂದಾ ನನಗೆ ಒಂದು ವೆಬ್‌ಸೈಟು ಬಿಟ್ಟು ಹೋದಳು. ಅದೂ ಇನ್ನೂ ಕಟ್ಟದೇ ಇದ್ದ ವೆಬ್‌ಸೈಟು.

ಬಬಲೇಶ್ವರದಲ್ಲಿ ಅವಳ ಮನೆ. ಹಿತ್ತಲಿನ ತಗಡಿನ ಚಪ್ಪರದ ಕೆಳಗೆ ಸಾಲಾಗಿ ಒಲೆಗಳು, ಒಲೆಗೊಂದು ಹಂಚು. ಅತ್ತೆ ಲಕ್ಕವ್ವ, ಮೈದುನನ ಹೆಂಡತಿ ಸೌಭಾಗ್ಯ, ಓಣಿಯ ಇನ್ನೂ ಕೆಲವು ಹೆಂಗಸರು ಕೂತು ಜೋಳದ ಖಡಕ್ ರೊಟ್ಟಿ ಬಡಿಯುತ್ತಿದ್ದರು. ವಿಜಯಪುರದ ಮದುವೆ ಮನೆಗಳಿಗೆ, ಸೊಲ್ಲಾಪುರ ಪುಣೆಗಳಲ್ಲಿ ನೆಲೆಸಿ ಅಲ್ಲಿನ ಚಪಾತಿಗೆ ಬೇಸತ್ತ ನಮ್ಮ ಕಡೆಯವರಿಗೆ, ಆ ರೊಟ್ಟಿ ಡಬ್ಬಿ ತುಂಬಿ ಹೋಗುತ್ತಿತ್ತು. ಬಡಿಯುವ ಕೈ ಹಲವು. ಗಿರಾಕಿಗಳ ಜೊತೆ ಮಾತಾಡುವ ಬಾಯಿ ಮಾತ್ರ ಒಂದೇ, ನಂದಾಳದು. ಆರ್ಡರೆಲ್ಲ ಅವಳ ಫೋನಿಗೇ ಬರುತ್ತಿತ್ತು.

ಕಳೆದ ದೀಪಾವಳಿಗೆ ವಿಜಯಪುರದ ನಮ್ಮ ಮನೆಗೆ ಬಂದವಳು ಅಡುಗೆಮನೆಯಲ್ಲಿ ನನ್ನ ರೊಟ್ಟಿಯೊಂದನ್ನು ಎತ್ತಿ, ಬೆಳಕಿಗೆ ಹಿಡಿದು ನೋಡಿ, ಕೆಳಗಿಟ್ಟಳು.

"ಯಶೋ, ನೀ ಇಷ್ಟು ಪುಸ್ತಕಾ ಓದೀದಿ. ನಮ್ಮ ರೊಟ್ಟಿಗೆ ಒಂದು ವೆಬ್‌ಸೈಟ್ ಮಾಡಾಕ ಬರಂಗಿಲ್ಲೇನ ನಿನಗ?"

"ನಾ ಕಾಲೇಜಿನ್ಯಾಗ ಪುಸ್ತಕಾ ಕಾಯಾಕಿ. ನನಗೆಲ್ಲಿ ವೆಬ್‌ಸೈಟ್ ಬರಬೇಕು?"

"ವೆಬ್‌ಸೈಟ್ ಬರಂಗಿಲ್ಲ. ರೊಟ್ಟಿ ಅಂತೂ ಬರಂಗೇ ಇಲ್ಲ. ಇದೊಂದು ತಿಂದ್ರ ಪ್ರತಾಪಣ್ಣಾರಿಗೆ ಎರಡು ದಿನಾ ಹಸಿವಿ ಆಗಂಗಿಲ್ಲ, ಇಷ್ಟು ದಪ್ಪ ಐತಿ."

ಪ್ರತಾಪ ನನ್ನ ಗಂಡ. ಟಿಕೋಟಾದ ಹೈಸ್ಕೂಲಿನಲ್ಲಿ ವಿಜ್ಞಾನ ಮಾಸ್ತರರು. (ವಿಜ್ಞಾನ ಶಾಲೆಯಲ್ಲಿ ಮಾತ್ರ. ಮನೆಯಲ್ಲಿ ಗ್ಯಾಸ್ ಸಿಲಿಂಡರಿನ ರೆಗ್ಯುಲೇಟರ್ ಹಾಕುವುದೂ ನನ್ನ ಪಾಲಿನದೇ.) ಅವರು ಅಂದು ಪಕ್ಕದ ಕೋಣೆಯಲ್ಲಿ ನಕ್ಕ ಸದ್ದು ನನಗೆ ಕೇಳಿಸಿತ್ತು.

ಅದಾದ ಒಂದು ತಿಂಗಳಿಗೆ ನಂದಾ ಹಿಟ್ಟು ನಾದುತ್ತಿದ್ದವಳು "ಯಾಕೋ ಕೈಯಾಗ ಬಲಾ ಇಲ್ಲ" ಎಂದು ಸೌಭಾಗ್ಯಳಿಗೆ ಹೇಳಿ ಗೋಡೆಗೆ ಒರಗಿ ಕೂತಳು. ಮತ್ತೆ ಏಳಲಿಲ್ಲ. ಅದರ ಬಗ್ಗೆ ನನಗೆ ಬರೆಯಲು ಬರುವುದು ಇಷ್ಟೇ.

ಆಮೇಲೂ ಅವಳ ಫೋನು ರಿಂಗಾಗುತ್ತಲೇ ಇತ್ತು. ಲಕ್ಕವ್ವ ಪ್ರತಿಯೊಬ್ಬರಿಗೂ ಸುದ್ದಿ ಹೇಳಬೇಕು, ಅವರು ಅಯ್ಯೋ ಎನ್ನಬೇಕು, ಆಮೇಲೆ "ಮತ್ತ ರೊಟ್ಟಿ ಸಿಗತಾವೇನ್ರಿ?" ಎನ್ನಬೇಕು. ಸಹಿಸಲಾಗದೆ ಮುದುಕಿ ಒಂದು ದಿನ ಫೋನು ಆಫ್ ಮಾಡಿಸಿ, ಸೊಸೆಯ ಸೀರೆಯಲ್ಲಿ ಸುತ್ತಿ ಟ್ರಂಕಿಗೆ ಹಾಕಿದಳು. ಸೌಭಾಗ್ಯ ಹೊಸ ನಂಬರು ತಗೊಂಡಳು. ಆ ನಂಬರು ಯಾರಿಗೆ ಗೊತ್ತು? ಒಲೆಗಳು ಒಂದೊಂದಾಗಿ ತಣ್ಣಗಾದವು.

"ಯುಗಾದಿ ತನಕಾ ನೋಡೂಣು ಯವ್ವಾ," ಎಂದಳು ಲಕ್ಕವ್ವ ನನಗೆ. "ಅಷ್ಟರಾಗ ಗಿರಾಕಿ ಬರಲಿಲ್ಲಂದ್ರ ಹಂಚೆಲ್ಲ ಅಟ್ಟಕ್ಕ ಏರಸ್ತೀನಿ. ಸೌಭಾಗ್ಯಾ ದ್ರಾಕ್ಷಿ ತ್ವಾಟಕ್ಕ ಹೋಗಲಿ. ನಂದಾ ಇಲ್ದ ನಮಗ ಇದು ನಡಸಾಕ ಆಗಂಗಿಲ್ಲ."

ಆ ಹಂಚುಗಳನ್ನು ನಂದಾ ಒಂದೊಂದಾಗಿ ಆರಿಸಿ ತಂದಿದ್ದಳು. ಅವು ಅಟ್ಟ ಏರುವುದನ್ನು ನಾನು ನೋಡಲಾರೆ. ಹಾಗಾಗಿ ಸಂಕ್ರಾಂತಿ ಮುಗಿಯುತ್ತಲೇ ಗಾಂಧಿ ಚೌಕದ ಹತ್ತಿರ, ಚಪ್ಪಲಿ ಅಂಗಡಿಯ ಮೇಲಿನ ಮಾಳಿಗೆಯಲ್ಲಿ, ಅಲ್ಲಾಉದ್ದೀನ ಎಂಬವರು ನಡೆಸುವ ಕಂಪ್ಯೂಟರ್ ಕ್ಲಾಸಿಗೆ ಹೆಸರು ಹಚ್ಚಿದೆ.

ಅಲ್ಲಾಉದ್ದೀನರು ಸಜ್ಜನರು. ಮೊದಲ ವಾರ ಅವರು ಹೇಳಿಕೊಟ್ಟದ್ದನ್ನು ನಾನು ಅರ್ಧ ಕೇಳಿ, ಉಳಿದರ್ಧವನ್ನು ನನ್ನ ವಿದ್ವತ್ತಿನಿಂದ ತುಂಬಿಕೊಂಡು, ಮಹಾಪ್ರಬಂಧಕ್ಕೆ ಸಮನಾದ ಒಂದು ಪುಟ ಸಿದ್ಧಪಡಿಸಿದೆ. ಸುತ್ತ ಚೆಂಡು ಹೂವಿನ ಅಂಚು. ಮೇಲೆ ಗೋಳಗುಮ್ಮಟ. ಅದರ ಕೆಳಗೆ ಎಡದಿಂದ ಬಲಕ್ಕೆ ಓಡುವ ಅಕ್ಷರ, ಬಲದಿಂದ ಎಡಕ್ಕೆ ಓಡುವ ಅಕ್ಷರ. ಪುಟ ತೆರೆದರೆ ಶಹನಾಯಿ. ಜೋಳದ ಇತಿಹಾಸದ ಬಗ್ಗೆ ನನ್ನದೇ ಒಂದು ದೀರ್ಘ ಲೇಖನ. ಕೊನೆಗೆ ನಂದಾಳ ಮನೆತನದ ಹಿರಿಯರ ಭಾವಚಿತ್ರಗಳು.

ಅಲ್ಲಾಉದ್ದೀನರು ಬಹಳ ಹೊತ್ತು ನೋಡಿದರು. ಶಹನಾಯಿ ಒಂದು ಸುತ್ತು ಮುಗಿಯಿತು.

"ಮೇಡಮ್ಮರ, ಲಗ್ನಾ ಯಾರದರಿ?"

"ಲಗ್ನಾ ಅಲ್ಲರಿ. ರೊಟ್ಟಿ."

"ರೊಟ್ಟಿ ಎಲ್ಲೈತ್ರಿ ಇದರಾಗ?"

ಹುಡುಕಿದೆವು. ಜೋಳದ ಇತಿಹಾಸದ ನಡುವೆ, ಚಾಲುಕ್ಯರ ಆಚೆ, ಒಂದು ಕಡೆ ರೊಟ್ಟಿ ಸಿಕ್ಕಿತು.

ಅಂದು ಅವರು ಚಹಾ ತರಿಸಿ, ನನ್ನನ್ನು ಕೂರಿಸಿ, ಮತ್ತೆ ಮೊದಲಿನಿಂದ ಹೇಳಿದರು. ಪುಟಕ್ಕೆ ಬಂದವರಿಗೆ ಕಣ್ಣು ಮಿಟುಕಿಸುವುದರೊಳಗೆ ಇದು ಏನು ಅನ್ನುವುದು ತಿಳಿಯಬೇಕು. ಯಾವುದು ಮುಖ್ಯವೋ ಅದು ದೊಡ್ಡದಾಗಿರಬೇಕು, ಮೇಲಿರಬೇಕು. ಬಣ್ಣ ಎರಡೋ ಮೂರೋ ಸಾಕು. ಬಿಸಿಲಿನಲ್ಲಿ ನಿಂತು ಫೋನಿನಲ್ಲಿ ನೋಡುವವನಿಗೂ ಓದಲು ಬರಬೇಕು. ಸುತ್ತ ಖಾಲಿ ಜಾಗ ಬಿಡಬೇಕು. ಖಾಲಿ ಜಾಗ ಇದ್ದರೇ ಇದ್ದದ್ದು ಕಾಣುವುದು. "ಎಲ್ಲಾ ಮುಗಿದ ಮ್ಯಾಲ ನೀವೇ ಒಮ್ಮೆ ಗಿರಾಕಿ ಆಗಿ, ಅದನ್ನ ನೋಡಿ ಆರ್ಡರ್ ಕೊಟ್ಟು ನೋಡ್ರಿ" ಎಂದೂ ಹೇಳಿದರು. ಈ ಕೊನೆಯದು ನನಗೆ ತೀರ ಚಿಲ್ಲರೆ ಮಾತಾಗಿ ಕಂಡಿತು. ನನ್ನ ರೊಟ್ಟಿಯನ್ನು ನಾನೇ ಕೇಳುವುದೆ?

ಖಾಲಿ ಜಾಗದ ತತ್ವ ಮಾತ್ರ ನನ್ನನ್ನು ಹಿಡಿದುಬಿಟ್ಟಿತು. ಮನೆಗೆ ಬಂದು ಅಡುಗೆಮನೆಯ ಮಾಡದಲ್ಲಿದ್ದ ಡಬ್ಬಿಗಳನ್ನೆಲ್ಲ ಇಳಿಸಿ ಅಟ್ಟಕ್ಕೆ ಹಾಕಿದೆ. ಗೋಡೆಯ ಕ್ಯಾಲೆಂಡರ್ ತೆಗೆದೆ. ರಾತ್ರಿ ಊಟಕ್ಕೆ ದೊಡ್ಡ ತಾಟಿನ ನಟ್ಟ ನಡುವೆ ಒಂದು ರೊಟ್ಟಿ, ಅದರ ಬಲಕ್ಕೆ ಒಂದು ಚಮಚ ಬದನೆಕಾಯಿ ಪಲ್ಯ ಇಟ್ಟೆ. ಗಂಡ ತಾಟನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಯಶೋಧರಾ, ತಾಟಿನ್ಯಾಗ ಊಟಕ್ಕಿಂತ ತಾಟೇ ಹೆಚ್ಚು ಕಾಣಾಕತ್ತೇತಿ."

"ಅದಕ್ಕ ಖಾಲಿ ಜಾಗಾ ಅಂತಾರ. ಕಣ್ಣಿಗೆ ಸಮಾಧಾನ."

"ಕಣ್ಣಿನ ಸಮಾಧಾನ ಆತು. ಅದರ ಕೆಳಗ ಹೊಟ್ಟಿ ಅಂತ ಒಂದು ಐತಿ, ಅಲ್ಲಿನೂ ಭಾಳ ಖಾಲಿ ಜಾಗಾ ಬಿಟ್ಟೀದಿ."

ಹೊಸ ಪುಟ ತಯಾರಾಯಿತು. ಬಿಳಿ ಹಿನ್ನೆಲೆ. ನಡುವೆ ಒಂದು ರೊಟ್ಟಿಯ ಚಿತ್ರ, ಪಕ್ಕದಲ್ಲಿ ಶೇಂಗಾ ಹಿಂಡಿ, ಅಂದರೆ ಶೇಂಗಾ ಚಟ್ನಿಪುಡಿ. "ಬಬಲೇಶ್ವರದ ಖಡಕ್ ರೊಟ್ಟಿ" ಎಂದು ಒಂದು ಸಾಲು. ಅದರ ಕೆಳಗೆ ಎಲ್ಲಕ್ಕಿಂತ ದೊಡ್ಡದಾಗಿ ಫೋನ್ ನಂಬರು. ಅದನ್ನು ಮುಟ್ಟಿದರೆ ಸಾಕು, ಕರೆ ಹೋಗುತ್ತದೆ. ಉಳಿದದ್ದನ್ನೆಲ್ಲ ಎಷ್ಟು ಸಲ ಅಳಿಸಿ ಬರೆದೆನೋ ಲೆಕ್ಕವಿಲ್ಲ. ನಂಬರನ್ನು ಮಾತ್ರ ಒಂದೇ ಏಟಿಗೆ ಬರೆದೆ.

ಬಬಲೇಶ್ವರಕ್ಕೆ ಲ್ಯಾಪ್‌ಟಾಪ್ ಒಯ್ದು ಕಟ್ಟೆಯ ಮೇಲಿಟ್ಟು ತೋರಿಸಿದೆ. ಲಕ್ಕವ್ವನ ಮೈದುನ ಶಿವಲಿಂಗ ಕಾಕಾ ಹೊಸ ರುಮಾಲು ಸುತ್ತಿಕೊಂಡು ಬಂದು ಎದುರಿಗೇ ಕೂತರು.

"ನನ್ನ ಫೋಟೋ ಎಲ್ಲೈತಿ?"

"ತಗದೇನ್ರಿ ಕಾಕಾ. ಮುಖ್ಯ ಇದ್ದದ್ದಷ್ಟ ಇಡಬೇಕಂತ."

ಕಾಕಾ ರುಮಾಲು ಬಿಚ್ಚಿ ಮಡಿಲಲ್ಲಿ ಇಟ್ಟುಕೊಂಡರು. "ಅಂದ್ರ ಈ ಮನಿಯಾಗ ನನಗಿಂತ ಆ ಶೇಂಗಾ ಹಿಂಡಿ ಮುಖ್ಯ ಆತು."

"ಹಿಂಡೀನ ಜನಾ ಕೇಳತಾರ ಶಿವಲಿಂಗಾ," ಎಂದಳು ಲಕ್ಕವ್ವ. "ನಿನ್ನ ಯಾರು ಕೇಳತಾರ?" ಆಮೇಲೆ ಪರದೆಯ ಹತ್ತಿರ ಬಾಗಿ, ಬಿಳಿ ಜಾಗದ ಮೇಲೆ ಬೆರಳಾಡಿಸಿದಳು. "ಇಷ್ಟು ಜಾಗಾ ಯಾಕ ಬಿಟ್ಟೀದಿ ಯವ್ವಾ? ನಂದಾಂದು ಒಂದು ಫೋಟೋ ಇಡಬೇಕಿಲ್ಲ?"

ಇಟ್ಟು ನೋಡಿದ್ದೆ. ನನ್ನ ಹತ್ತಿರ ಇರುವ ಎಲ್ಲ ಫೋಟೋಗಳಲ್ಲೂ ನಂದಾ ನಗುತ್ತಾಳೆ, ನಕ್ಕರೆ ಅವಳ ಕಣ್ಣು ಮುಚ್ಚುತ್ತದೆ. ಆ ಪುಟವನ್ನು ನನಗೆ ನೋಡುತ್ತಾ ಕೂರಲು ಆಗಲಿಲ್ಲ. "ಜಾಗಾ ಐತಿ ಆಯಿ, ಆಮ್ಯಾಲ ಇಡೂಣು" ಎಂದೆ.

ಒಂದೊಂದನ್ನೂ ಎಲ್ಲರೂ ಪರೀಕ್ಷಿಸಿದರು. ರೊಟ್ಟಿಯ ಬಣ್ಣ ಸರಿ. ಹಿಂಡಿ ಸ್ವಲ್ಪ ಕೆಂಪಾಯಿತು, ಇರಲಿ. ನಂಬರು? ಸೌಭಾಗ್ಯ ಓದಿದಳು, ಕಾಕಾ ಕನ್ನಡಕ ಹಾಕಿಕೊಂಡು ಓದಿದರು, ಎಲ್ಲರೂ ತಲೆಯಾಡಿಸಿದರು. ನಂಬರು ಸರಿ.

ಪುಟವನ್ನು ಹೊರಗೆ ಬಿಟ್ಟೆ. ಗೊತ್ತಿದ್ದವರಿಗೆ, ಗೊತ್ತಿಲ್ಲದವರಿಗೆ, ವಾಟ್ಸಾಪ್ ಗುಂಪುಗಳಿಗೆ ಎಲ್ಲ ಕಳಿಸಿದೆ. "ಭಾಳ ಚಂದ ಆಗೇತ್ರಿ" ಎಂದು ಎಲ್ಲರೂ ಅಂದರು. ದಿನಾ ಎಷ್ಟು ಜನ ನೋಡುತ್ತಾರೆ ಎಂಬುದೂ ಅಲ್ಲೇ ಕಾಣುತ್ತಿತ್ತು. ನೋಡುವವರು ನೋಡುತ್ತಿದ್ದರು. ಸೌಭಾಗ್ಯಳ ಫೋನು ಮಾತ್ರ ಒಮ್ಮೆಯೂ ಬಾಯಿ ಬಿಡಲಿಲ್ಲ.

ತಪ್ಪು ವಿನ್ಯಾಸದ್ದೇ ಎಂದು ಹಗಲೆಲ್ಲ ಅದರ ಬೆನ್ನು ಹತ್ತಿದೆ. ಕರೆ ಮಾಡುವ ಹಸಿರು ಗುಂಡಿಯನ್ನು ಕೆಂಪು ಮಾಡಿದೆ. ಅಕ್ಷರ ದಪ್ಪ ಮಾಡಿದೆ. ರೊಟ್ಟಿಯನ್ನು ಎಡಕ್ಕೆ ಸರಿಸಿದೆ, ಬಲಕ್ಕೆ ಸರಿಸಿದೆ. ನಂಬರನ್ನು ಇನ್ನೂ ದೊಡ್ಡದು ಮಾಡಿದೆ. ಫೋನಿನಲ್ಲಿ ಅದು ಮೈಲಿಗಲ್ಲಿನ ಹಾಗೆ ಕಾಣತೊಡಗಿತು. ಇತ್ತ ನಮ್ಮ ಮನೆಯ ಒಲೆ ಹೊತ್ತುವುದು ಅಪರೂಪವಾಯಿತು. ಗಂಡನ ಡಬ್ಬಿಗೆ ಬ್ರೆಡ್ಡು, ಬಾಳೆಹಣ್ಣು. ಸಂಜೆ ಚಹಾದ ಹೊತ್ತಿಗೆ ಮಾತ್ರ ಕೆಲಸ ನಿಲ್ಲಿಸಿ ಫೋನು ಹಿಡಿದು ಮಾಳಿಗೆ ಹತ್ತುತ್ತಿದ್ದೆ. (ಗಾಳಿಗೆ ಎಂದು ಗಂಡನಿಗೆ ಹೇಳಿದ್ದೆ. ಮೊದಲೆಲ್ಲ ಆ ಹೊತ್ತು ನಂದಾಳ ಜೊತೆ ಹರಟೆಯ ಹೊತ್ತು.)

ಯುಗಾದಿ ಮುಂದಿನ ವಾರ ಎನ್ನುವಾಗ ಸೌಭಾಗ್ಯ ಫೋನ್ ಮಾಡಿದಳು. "ಅಕ್ಕಾರ, ಅತ್ತಿ ಹಂಚು ತೊಳಿಯಾಕತ್ತಾರ್ರಿ. ಒರಸಿ ಇಡಾಕಂತ."

ಅದರ ಮರುದಿನ ಶನಿವಾರ. ಶಾಲೆ ಮುಗಿಸಿ ಬೇಗ ಬಂದ ಗಂಡ ಕಾಣಿಸಲಿಲ್ಲ. ಮಾಳಿಗೆ ಹತ್ತಿ ನೋಡಿದರೆ ನೀರಿನ ಟಾಕಿಯ ಹಿಂದೆ, ಬೆನ್ನು ಮಾಡಿ, ಫೋನು ಕಿವಿಗಿಟ್ಟುಕೊಂಡು ನಿಂತಿದ್ದರು. ನನ್ನನ್ನು ಕಂಡು ಫೋನನ್ನು ಜೇಬಿಗೆ ತುರುಕಿದರು.

"ಯಾರಿಗ್ರಿ ಅದು ಫೋನು?"

"ಯಾರಿಗೂ ಇಲ್ಲ."

"ಯಾರಿಗೂ ಇಲ್ದ ಟಾಕಿ ಹಿಂದ ನಿಂದರತಾರೇನು? ಹೇಳ್ರಿ, ಯಾರಾಕಿ?"

ಅವರು ಸುಣ್ಣ ಹಚ್ಚಿದ ಗೋಡೆಯನ್ನು ಉಗುರಿನಿಂದ ಕೆರೆಯುತ್ತಾ, ಸಣ್ಣ ದನಿಯಲ್ಲಿ ಹೇಳಿದರು. "ರೊಟ್ಟಿಗೆ."

"ಮನಿಯಾಗ ಹೆಂಡತಿ ಇಟ್ಟಕೊಂಡು ಹೊರಗ ರೊಟ್ಟಿಗೆ ಫೋನ್ ಮಾಡತೀರಿ?"

"ಮತ್ತೇನ ಮಾಡಲಿ? ಬ್ರೆಡ್ ನೋಡಿ ಸ್ಟಾಫ್‌ರೂಮಿನ್ಯಾಗ ನನಗ ಯಾವ ಜಡ್ಡು ಅಂತ ಕೇಳಾಕತ್ತಾರ. ಬ್ಯಾರೆ ಕಡೆ ಕೇಳಿಲ್ಲ, ನಿನ್ನ ವೆಬ್‌ಸೈಟ್ ನೋಡೇ ಮಾಡೇನಿ. ಸ್ಟಾಫಿಗೆಲ್ಲ ಸೇರಿಸಿ ತರಸೂಣು ಅಂತ. ನಾಕು ದಿನಾ ಆತು, ಸ್ವಿಚ್ ಆಫ್ ಅಂತೈತಿ."

"ಸಾಧ್ಯನ ಇಲ್ಲ. ಸೌಭಾಗ್ಯಾ ಫೋನ್ ಆಫ್ ಇಡಂಗಿಲ್ಲ. ನಿನ್ನೆ ಮಾತಾಡೇನಿ ಆಕಿ ಕೂಡ."

ಅವರು ಫೋನು ತೆಗೆದು ನನ್ನ ಪುಟವನ್ನು ನನ್ನ ಮುಂದೆಯೇ ಹಿಡಿದರು. ಬಿಸಿಲಿನಲ್ಲೂ ಚೆನ್ನಾಗಿ ಓದಲು ಬರುತ್ತಿತ್ತು. ಮೈಲಿಗಲ್ಲಿನಂಥ ನಂಬರನ್ನು ಒಂದೊಂದೇ ಅಂಕಿಯಾಗಿ ಓದಿದೆ.

"ನಂಬರ್ ಸರಿ ಐತಲ್ರಿ. ನಂದಾನ ನಂಬರ."

ಹೇಳಿ ಮುಗಿಸಿದ ಮೇಲೆ, ಹೇಳಿದ್ದು ನನಗೇ ಕೇಳಿಸಿತು.

ಬೆರಳಿಗೆ ಗೊತ್ತಿದ್ದದ್ದು ಅದೊಂದೇ ನಂಬರು, ಬರೆದುಬಿಟ್ಟಿತ್ತು. ಅವಳ ಅತ್ತೆ, ಕಾಕಾ, ಸೌಭಾಗ್ಯ, ಎಲ್ಲರೂ ಓದಿ ಸರಿ ಎಂದಿದ್ದರು. ಸರಿಯಾಗಿಯೇ ಇತ್ತು. ಆ ಮನೆಯ ರೊಟ್ಟಿಗೆ ಬೇರೆ ನಂಬರು ಇರಬಹುದೆಂದು ನಮ್ಮಲ್ಲಿ ಯಾರಿಗೂ ಅನಿಸಿರಲಿಲ್ಲ.

ಗಂಡ ನಗುತ್ತಾರೆ ಎಂದುಕೊಂಡೆ. ನಗಲಿಲ್ಲ. "ಸೀರಿ ಬದಲ ಮಾಡು," ಎಂದರು. "ಬಬಲೇಶ್ವರದ ಬಸ್ಸು ಇನ್ನೂ ಸಿಗತೈತಿ."

ತೊಳೆದ ಹಂಚುಗಳು ಹಿತ್ತಲಲ್ಲಿ ಗೋಡೆಗೆ ಒರಗಿ ಒಣಗುತ್ತಿದ್ದವು. ಲಕ್ಕವ್ವ ನನ್ನ ಮಾತನ್ನು ಪೂರ್ತಿ ಕೇಳಿ, ಟ್ರಂಕು ತೆಗೆದು ಸೀರೆ ಬಿಚ್ಚಿದಳು. ಫೋನನ್ನು ಚಾರ್ಜಿಗೆ ಹಾಕಿದೆವು. ವರ್ಷದ್ದು ಒಮ್ಮೆಗೇ ಹಾಕಿಸಿದರೆ ಲಾಭ ಎಂದು ನಂದಾ ಹಾಕಿಸಿದ್ದ ರೀಚಾರ್ಜು ಇನ್ನೂ ಇತ್ತು. ಸ್ವಲ್ಪ ಹೊತ್ತು ಅದು ಸುಮ್ಮನಿತ್ತು. ಆಮೇಲೆ ಹಂಚಿನ ಮೇಲೆ ಜೋಳ ಸಿಡಿದಂತೆ ಟಣ್ ಟಣ್ ಟಣ್ ಎನ್ನತೊಡಗಿ ನಿಲ್ಲಲೇ ಇಲ್ಲ.

ಸೌಭಾಗ್ಯ ಓದುತ್ತಾ ಹೋದಳು. ಇಟ್ಟಂಗಿಹಾಳದಲ್ಲಿ ಒಂದು ಮದುವೆಗೆ ರೊಟ್ಟಿ ಬೇಕಂತೆ. ಪುಣೆಯಲ್ಲಿರುವ ಜೈನಾಪುರದವರೊಬ್ಬರಿಗೆ ಹಿಂಡಿ ಸಮೇತ ಬೇಕಂತೆ. ಒಬ್ಬರು, "ನಂಬರ ಇಷ್ಟು ದೊಡ್ಡದಾಗಿ ಬರದು ಫೋನ್ ಎತ್ತದಿದ್ರ ಹೆಂಗ್ರಿ?" ಎಂದು ಸಿಟ್ಟು ಮಾಡಿದ್ದರು. ಲಕ್ಕವ್ವ ಎದ್ದು ಒಂದು ಹಂಚನ್ನು ಒಳಗೆ ತಂದಳು. ಮತ್ತೊಂದನ್ನು ತಂದಳು.

"ಫೋನ್ ಮಾಡಿ ಸಿಗದವರ ಹೆಸರೂ ಬಂದಾವ್ರಿ," ಎಂದಳು ಸೌಭಾಗ್ಯ. ಆಮೇಲೆ ಹುಬ್ಬು ಗಂಟು ಹಾಕಿದಳು. "ಅಕ್ಕಾರ, ಈ 'ದಪ್ಪ ರೊಟ್ಟಿ' ಅನ್ನೋರು ಯಾರ್ರಿ? ನಂದಕ್ಕ ಹಂಗೇ ಹೆಸರು ಹಾಕ್ಯಾಳ. ವೆಬ್‌ಸೈಟ್ ಆಗೂಕಿಂತ ಮೊದಲಿಂದ, ದಿನಾ ಸಂಜಿಗೆ, ಒಂದು ದಿನಾನೂ ಬಿಟ್ಟಿಲ್ಲ. ಪಾಪ, ಎಷ್ಟು ಹಸದಾರೋ ಏನೋ. ಮೊದಲ ಇವರಿಗೆ ಕಳಸೂಣು."

ನನ್ನ ಗಂಡ ನನ್ನನ್ನು ನೋಡಿದರು. ನಾನು ಚಪ್ಪರದ ತಗಡನ್ನು ನೋಡಿದೆ. ಬೇಡ ಎನ್ನುವುದರೊಳಗೆ ಸೌಭಾಗ್ಯ ಕರೆ ಹಚ್ಚಿಬಿಟ್ಟಳು.

ನನ್ನ ಚೀಲದಲ್ಲಿ ಫೋನು ರಿಂಗಾಯಿತು. ಹೊರತೆಗೆದೆ. ಪರದೆಯ ಮೇಲೆ ದೊಡ್ಡದಾಗಿ, ಸುತ್ತ ಏನೂ ಇಲ್ಲದೆ, ನಂದಾ ಎಂದು ಬರೆದಿತ್ತು.

ಸೌಭಾಗ್ಯ ನನ್ನ ಕೈಯನ್ನೂ ತನ್ನ ಕೈಯನ್ನೂ ನೋಡಿದಳು. ಫೋನು ಕಿವಿಯಿಂದ ತೆಗೆಯಲಿಲ್ಲ. ನಾನು ಎತ್ತಿ ಹಲೋ ಎಂದೆ.

"ನಮಸ್ಕಾರರಿ," ಎಂದಳು ಅವಳು, ಎರಡು ಮೊಳ ದೂರದಿಂದ, ಮೆಲ್ಲಗೆ. "ರೊಟ್ಟಿ ಎಷ್ಟು ಬೇಕಾಗಿದ್ದುವ್ರಿ?"

ನಾನು ಫೋನನ್ನು ಪಕ್ಕಕ್ಕೆ ಹಿಡಿದೆ. ಗಂಡನೇ ಬಾಗಿ ಫೋನಿಗೆ ಹೇಳಿದರು. "ಭಾಳ ಬೇಕ್ರಿ. ಮನಿಯಾಗ ಖಾಲಿ ಜಾಗಾ ಭಾಳ ಐತಿ."

ಲಕ್ಕವ್ವ ಒಲೆಯ ಮುಂದೆ ಕೂತು ಊದುಗೊಳವೆ ಕೈಗೆ ತಗೊಂಡಳು. "ಸೌಭಾಗ್ಯಾ, ಆ ಗಿರಾಕಿಗೆ ತೆಳ್ಳಗಿನವು ನೋಡಿ ಕಟ್ಟು," ಎಂದಳು. "ದಪ್ಪನವು ಆಕಿ ಮನಿಯಾಗ ಅದಾವ."