ಬಿಯರ್ ಪೈಪಿನೊಳಗೆ ಅಪ್ಪ

ರಾಯಚೂರಿನ ಯಾವ ಬಾರಿನವನೂ ಕುಡಿಸಲಾರದಷ್ಟು ತಾಜಾ ಬಿಯರನ್ನು ತನ್ನ ಮನೆಯ ನಳದಲ್ಲೇ ಹರಿಸುತ್ತೇನೆಂದು ಶಕ್ತಿನಗರದ ಟೆಕ್ನಿಷಿಯನ್ ಅಯ್ಯಪ್ಪ ಪಣ ತೊಟ್ಟ. ಅಡುಗೆಮನೆಯ ಹಳೆಯ ಫ್ರಿಜ್ಜಿನಲ್ಲಿ ಸ್ಟೀಲಿನ ಬಿಯರ್ ಪೀಪಾಯಿ ಇಟ್ಟ. ಪಕ್ಕದಲ್ಲಿ ಬಿಯರನ್ನು ನಳದವರೆಗೆ ತಳ್ಳುವ ಸೋಡಾ ಗ್ಯಾಸಿನ ಸಿಲಿಂಡರ್ ನಿಲ್ಲಿಸಿದ. ಗೋಡೆ ಕೊರೆದು ಪೈಪ್ ಎಳೆದು, ಪಡಸಾಲೆಯಲ್ಲಿ ನಳ ಕೂಡಿಸಿದ. ಗಂಗೆಯನ್ನು ತರಲು ಭಗೀರಥನೂ ಇಷ್ಟು ಬೆವರಿರಲಿಕ್ಕಿಲ್ಲ.

"ನೀರು ಬರೋ ನಳ ರಿಪೇರಿ ಮಾಡ್ರಿ ಅಂದ್ರ ಟೈಮಿಲ್ಲ ಅಂತೀರಿ," ಎಂದಳು ಹೆಂಡತಿ ಚಂದ್ರಕಲಾ.

ಬಿಸಿಲೇರಿದ ಒಂದು ಮಧ್ಯಾಹ್ನ, ಬೀದಿಯಲ್ಲಿ ನಾಯಿಯೂ ಸುಳಿಯದ ಹೊತ್ತಿನಲ್ಲಿ, ಪಡಸಾಲೆಯ ಗೋಡೆ ನಿಟ್ಟುಸಿರು ಬಿಟ್ಟಿತು. ಉಸ್ಸ್... ಸ್ವಲ್ಪ ತಡೆದು ಮತ್ತೆ, ಉಸ್ಸ್.

ಮಲಗಿದ್ದ ತಾಯಿ ಯಮನಮ್ಮ ಎದ್ದು ಕೂತಳು. "ನಿಮ್ಮಪ್ಪ ಬಂದಾನ."

ಅಪ್ಪ ಬೂದೆಪ್ಪ ತೀರಿಕೊಂಡು ವರ್ಷಗಳೇ ಆಗಿದ್ದವು. ತನ್ನೂರು ಮಸರಕಲ್ಲಿನಲ್ಲಿ ಕುರಿ ಮೇಯಿಸಿ ಬಂದು, ಕಂಬಳಿ ಕೊಡವಿ ಕೂರುವಾಗ ಅವನು ಹೀಗೇ ಉಸಿರು ಬಿಡುತ್ತಿದ್ದ. ಅಯ್ಯಪ್ಪನಿಗೂ ನೆನಪಿತ್ತು.

"ಗ್ಯಾಸ್ ಸೋರಾಕತ್ತದ ಯವ್ವಾ," ಎಂದು ಸ್ಪ್ಯಾನರ್ ಹಿಡಿದು ಹೋದ. ಅಷ್ಟರಲ್ಲಿ ತಾಯಿಯ ನಗು ಕೇಳಿಸಿತು. ಅವಳು ಗೋಡೆಗೆ ಕಿವಿ ಹಚ್ಚಿ, ಸೊಸೆಯ ರೊಟ್ಟಿಯ ದಪ್ಪದಿಂದ ಹಿಡಿದು ತನ್ನ ಮಂಡಿನೋವಿನವರೆಗೆ ಎಲ್ಲ ಹೇಳಿಕೊಳ್ಳುತ್ತಿದ್ದಳು. ಗಂಡ ಹೋದ ಮೇಲೆ ಅವಳು ಹಾಗೆ ನಕ್ಕಿದ್ದೇ ಇಲ್ಲ. ಅಯ್ಯಪ್ಪ ಸ್ಪ್ಯಾನರನ್ನು ಒಳಗಿಟ್ಟ. ಸೋರಿದರೆ ಸೋರಲಿ.

ಮುಂದಿನ ಭಾನುವಾರ ಮಾನ್ವಿಯಿಂದ ಗೆಳೆಯ ಜಂಬಣ್ಣ ಬಿಯರಿನ ರುಚಿ ನೋಡಲು ಬಂದ. ಒಂದು ಗುಟುಕು ಕುಡಿದು ಬಹಳ ಹೊತ್ತು ಕಣ್ಣು ಮುಚ್ಚಿದ.

"ಹೆಂಗದ?"

"ಉಪ್ಪಿನಕಾಯಿ ಭರಣಿ ತೊಳದ ನೀರೇನೋ ಇದು?"

ಗ್ಯಾಸ್ ಸೋರಿದ್ದೇ ಕಾರಣವೆಂದುಕೊಂಡು ಅಯ್ಯಪ್ಪ ಸಿಲಿಂಡರನ್ನೇ ಬಿಚ್ಚಿ ಅಂಗಳದಲ್ಲಿಟ್ಟ. ಇನ್ನು ಗೋಡೆ ಉಸಿರಾಡುವಂತಿರಲಿಲ್ಲ. ತಾಯಿಗೆ ಏನು ಹೇಳಲಿ ಎಂದು ಯೋಚಿಸುತ್ತ ಒಳಗೆ ಬಂದ.

ಉಸ್ಸ್, ಎಂದಿತು ಗೋಡೆ.

ಜಂಬಣ್ಣ ಗ್ಲಾಸು ಕೆಳಗಿಟ್ಟು ಬಾಗಿಲ ಕಡೆ ಸರಿದ. ಯಮನಮ್ಮ ಗೋಡೆಗೆ ಕಿವಿಯಿಟ್ಟು, ತಲೆಯಾಡಿಸಿ, ಮಗನತ್ತ ತಿರುಗಿದಳು. "ಈ ಪೈಪು ಹಾಕಿದ ಮ್ಯಾಲೆ ಒಂದ್ ಸಲನರ ತೊಳದೀಯೇನು ಅಂತ ಕೇಳಾಕತ್ತಾನ."

ತೊಳೆದಿರಲಿಲ್ಲ. ಅದು ಅಯ್ಯಪ್ಪನೊಬ್ಬನಿಗೇ ಗೊತ್ತಿತ್ತು. ಅವನು ಪೈಪನ್ನು ಗೋಡೆಯಿಂದ ಎಳೆದ. ದಿನಗಟ್ಟಲೆ ನಿಂತ ಬಿಯರಿನ ಹುಳಿ ನಾತ ಮನೆ ತುಂಬಿತು. ಪೈಪಿನ ಬಾಯಿಂದ ಕಪ್ಪು ಲೋಳೆಯೊಂದು ನಾಲಿಗೆಯ ಹಾಗೆ ಹೊರಚಾಚಿ ಜೋತುಬಿತ್ತು. ಜಂಬಣ್ಣ ಚಪ್ಪಲಿ ಮೆಟ್ಟದೆಯೇ ಹೊರಟುಹೋದ.

ಅಯ್ಯಪ್ಪ ಬಿಸಿನೀರು ಸುರಿದು, ಬ್ರಷ್ ಹಾಕಿ, ಕೈ ಸೋಲುವವರೆಗೆ ಪೈಪ್ ತಿಕ್ಕಿದ. ಚಂದ್ರಕಲಾ ಅದನ್ನೆಲ್ಲ ನೋಡುತ್ತಿದ್ದಳು. ಆಮೇಲೆ ಸೆರಗು ಸರಿಮಾಡಿಕೊಂಡು, ಭಕ್ತಿಯಿಂದ ಗೋಡೆಗೆ ಕಿವಿ ಹಚ್ಚಿದಳು.

"ಹಂಗs ಬಚ್ಚಲಾನೂ ತೊಳೀಬೇಕಂತ್ರೀ. ಮಾವಾರು ಹೇಳಾಕತ್ತಾರ."

ಇದು ಇವಳದೇ ಕಿತಾಪತಿ ಎಂದು ಅಯ್ಯಪ್ಪ ಬಾಯಿ ತೆರೆದ. ಪೈಪಿಲ್ಲದ ಆ ಬರಿದಾದ ತೂತಿನೊಳಗಿಂದ, ಹೌದೆನ್ನುವ ಹಾಗೆ, ಯಾರೋ ಉಸ್ಸೆಂದರು.

ಅಯ್ಯಪ್ಪ ಬ್ರಷ್ ಹಿಡಿದು ಬಚ್ಚಲಿಗೆ ನಡೆದ.