ದೊಡ್ಡಕ್ಕ ಕಲಿತುಬಂದ ದಾದಿ ವಿದ್ಯೆ

ದೊಡ್ಡಕ್ಕ ಬೆಂಗಳೂರಿನಿಂದ ಬಂದ ಮೇಲೆ ನಮ್ಮ ಮನೆಯಲ್ಲಿ ಕಾಯಿಲೆ ಬೀಳುವ ಧೈರ್ಯ ಯಾರಿಗೂ ಇರಲಿಲ್ಲ! ಸುಳ್ಳಲ್ಲ, ಶಿವನಾಣೆ. ನೆಗಡಿಯಾದವರು ಹಿತ್ತಲಿನ ಕೊನೆಗೆ ಹೋಗಿ ಸೀನಿ ಬರುತ್ತಿದ್ದರು. ನಮ್ಮ ಯಜಮಾನರಿಗೆ ಒಮ್ಮೆ ಮೈ ಬಿಸಿಯಾದಾಗ ಪೇಟೆಯ ನಮ್ಮ ಜವಳಿ ಅಂಗಡಿಯಲ್ಲೇ ಬಟ್ಟೆಯ ಥಾನುಗಳ ಹಿಂದೆ ಎರಡು ದಿನ ಅಡಗಿ ಮಲಗಿದ್ದು, ಜ್ವರ ಬಿಟ್ಟ ಮೇಲೆಯೇ ಮನೆಗೆ ಬಂದರು. ಅಕ್ಕನ ಕೈಗೆ ಸಿಕ್ಕಿಬಿದ್ದಿದ್ದರೆ ಏನಾಗುತ್ತಿತ್ತು ಅನ್ನುತ್ತೀರಾ? ಹೇಳುತ್ತೇನೆ, ಕೇಳಿ.

ದೊಡ್ಡಕ್ಕ ಅಂದರೆ ನಮ್ಮ ಯಜಮಾನರ ಅಕ್ಕ. ಮದುವೆಯಾದ ಎರಡನೇ ವರ್ಷಕ್ಕೆ ಗಂಡನನ್ನು ಪ್ಲೇಗಿಗೆ ಕೊಟ್ಟು ಮಧುಗಿರಿಗೆ, ತವರಿಗೆ ವಾಪಸು ಬಂದವರು. ಮಹಾರಾಜರ ಸರ್ಕಾರ ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ಹೆಣ್ಣುಮಕ್ಕಳಿಗೆ ದಾದಿ ಕೆಲಸ ಕಲಿಸುತ್ತದೆ ಎಂದು ಯಾರೋ ಹೇಳಿದ್ದೇ ತಡ, ಟ್ರಂಕು ತುಂಬಿದರು. "ಕಂಡೋರ ಹೇಲು ಉಚ್ಚೆ ಬಾಚೋಕೆ ನಿನ್ನ ಹೆತ್ನೇನೇ?" ಎಂದು ನಮ್ಮ ಅತ್ತೆಯವರು ಎದೆ ಬಡಿದುಕೊಂಡರೆ, "ನೀನು ನಂದು ಬಾಚ್ಲಿಲ್ವೇನವ್ವ? ಅಂಗೇ ಅಂದ್ಕೊಂಬುಡು" ಎಂದು ಹೇಳಿ ಬಸ್ಸು ಹತ್ತಿದರಂತೆ. ಮೂರು ವರ್ಷ ಕಲಿತರು. ಆ ಮೂರು ವರ್ಷದಲ್ಲಿ ಒಂದು ಸಲವೂ ಊರಿನ ಕಡೆ ತಲೆ ಹಾಕಲಿಲ್ಲ. ರೋಗಿಗಳು ಹಬ್ಬ ನೋಡಿಕೊಂಡು ನರಳುತ್ತಾರೆಯೇ, ರಜೆ ಕೊಡುವುದಕ್ಕೆ?

ಅದೇ ಮೂರು ವರ್ಷದಲ್ಲಿ ನಾನು ಈ ಮನೆಗೆ ಸೊಸೆಯಾಗಿ ಬಂದೆ. ತವರಿನಲ್ಲಿ ತಾಯಿ ಇರಲಿಲ್ಲವಾದ್ದರಿಂದ ಬಾಣಂತನವೂ ಇಲ್ಲೇ. ಎರಡು ಸಲ ಹೆತ್ತೆ, ಗಂಡೊಂದು, ಹೆಣ್ಣೊಂದು. ಎರಡೂ ದುಂಡುದುಂಡಗೆ ಹುಟ್ಟಿದವು, ಚೆನ್ನಾಗಿ ಹಾಲು ಕುಡಿದವು. ಗಂಡು ಏಳನೇ ದಿನ, ಹೆಣ್ಣು ಎಂಟನೇ ದಿನ, ದವಡೆ ಬಿಗಿದು, ಮೈ ಬಿಲ್ಲಿನಂತೆ ಸೆಟೆದು ಹೋದವು. ಬಾಲಗ್ರಹ ಅಂದರು. ಎರಡಕ್ಕೂ ಹೆಚ್ಚು ಹೊತ್ತು ನೋವು ಕೊಡದೆ ಕರೆದುಕೊಂಡೆಯಲ್ಲ ಎಂದು ಶಿವನಿಗೆ ಕೈ ಮುಗಿದೆ. ಕೈ ಮುಗಿಯಲು ಅಷ್ಟಾದರೂ ಸಿಕ್ಕಿತಲ್ಲ.

ದೊಡ್ಡಕ್ಕ ಕಲಿಕೆ ಮುಗಿಸಿ, ಸರ್ಕಾರದ ಆರ್ಡರು ಬರುವವರೆಗೆ ಎಂದು ಮನೆಗೆ ಬಂದಾಗ ನನಗೆ ಮತ್ತೆ ನಾಲ್ಕು ತಿಂಗಳು. ಈ ಮಗು ಎಂಟು ದಿನ ದಾಟಲಿ. ನಾನು ಆಗ ಬೇಡುತ್ತಿದ್ದದ್ದು ಇಷ್ಟೇ.

ಬಂದ ಮೊದಲನೇ ವಾರ ದೊಡ್ಡಕ್ಕನ ಕೈಗೆ ಸಿಕ್ಕಿದವರು ಅತ್ತೆಯವರು. ಮಂಡಿ ನೋವು ಎಂದು ಬಾಯಿಬಿಟ್ಟದ್ದೇ ಅವರ ತಪ್ಪು! ಆಸ್ಪತ್ರೆಯ ಕ್ರಮದಲ್ಲಿ ಹಾಸಿಗೆ ಹಾಸಿ, ಮೇಲುಹೊದಿಕೆಯ ಮೂಲೆಗಳನ್ನು ಮಡಿಸಿ ಮಡಿಸಿ ಹಾಸಿಗೆಯಡಿ ಸಿಕ್ಕಿಸಿ, ಲಕೋಟೆಯೊಳಗಿನ ಕಾಗದದಂತೆ ಅವರನ್ನು ಇಟ್ಟುಬಿಟ್ಟರು. ಕೈ ಹೊರಗೆ ಬರದು, ಕಾಲು ಮಡಚದು. "ಬಿಚ್ಚೇ, ಲಿಂಗಪೂಜೆಗೆ ಹೊತ್ತಾತು!" ಎಂದು ಅತ್ತೆಯವರು ಕೂಗುತ್ತಿದ್ದರೆ, ಅಕ್ಕ ಅಷ್ಟು ದೂರ ನಿಂತು, ಮೂಲೆ ಸರಿಯಾಗಿ ಕೂತಿದೆಯೇ ಎಂದು ಒಂದು ಕಣ್ಣು ಮುಚ್ಚಿ ನೋಡುತ್ತಿದ್ದರು. ಆಮೇಲೆ ಮಲಗಿದವರಿಗೆ ಮಲಗಿದಲ್ಲೇ ಸ್ನಾನ. ಒಂದು ಕೈ ತೊಳೆದು, ಒರೆಸಿ, ಮುಚ್ಚಿ, ಇನ್ನೊಂದು ಕೈ ತೆರೆದು...

"ಹೆಣಕ್ಕೆ ಮಾಡ್ದಂಗೆ ಮಾಡ್ತೀಯಲ್ಲೇ!" ಎಂದರು ಅತ್ತೆಯವರು.

"ಅದಕ್ಕೆ ಬ್ಯಾರೆ ಕ್ರಮ ಐತೆ ಕಣವ್ವ," ಎಂದರು ದೊಡ್ಡಕ್ಕ, ಟವಲು ಹಿಂಡುತ್ತಾ. "ಅದನ್ನೂ ಕಲ್ತಿದೀನಿ. ನಿನ್ ಕಾಲ ಬರ್ಲಿ ತಡಿ."

ಆವತ್ತಿನಿಂದ ಅತ್ತೆಯವರ ಮಂಡಿ ನೋಯಲೇ ಇಲ್ಲ!

ನನಗೂ ಬಿಡುಗಡೆ ಇರಲಿಲ್ಲ. ಕಲಿತದ್ದು ಮರೆತುಹೋದೀತೆಂದು ಅಕ್ಕ ತಮ್ಮ ದಪ್ಪ ನೋಟುಪುಸ್ತಕವನ್ನು ನನ್ನ ಕೈಗೆ ಕೊಡುವರು, ನಾನು ಪ್ರಶ್ನೆ ಓದಬೇಕು, ಅವರು ಒಲೆಯ ಮುಂದೆ ಕೂತು ಉತ್ತರ ಹೇಳುವರು. ನನಗೆ ನಾಲ್ಕನೇ ಕ್ಲಾಸಿನವರೆಗೆ ಅಕ್ಷರ ಕಲಿಸಿದ ನಮ್ಮಪ್ಪನನ್ನು ಅಷ್ಟೊಂದು ಸಲ ನೆನೆದದ್ದು ಆಗಲೇ ಇರಬೇಕು.

"ಎದ್ದೇಳಲಾರದ ರೋಗಿಯ ಬೆನ್ನಿಗೆ ಹುಣ್ಣಾಗದಂತೆ ಏನು ಮಾಡಬೇಕು?"

"ಎರಡೆರಡು ಗಂಟೆಗೆ ಮಗ್ಗುಲು ತಿರುಗಿಸ್ಬೇಕು. ಬೆನ್ನು ತೊಳೆದು ಒಣಗಿಸ್ಬೇಕು. ಹಾಸಿಗೇಲಿ ಒಂದು ಸುಕ್ಕೂ ಇರಬಾರ್ದು."

"ಸರಿ ಅಕ್ಕಾ, ರೊಟ್ಟೀನೂ ಮಗ್ಗುಲು ತಿರುಗಿಸಿ, ಸೀದೋಯ್ತು!"

ಹೀಗೆ ನಾಡಿ ಎಣಿಸುವುದು, ಜ್ವರದ ಕಡ್ಡಿ ಇಡುವುದು, ಸುಟ್ಟ ಗಾಯ ಕಟ್ಟುವುದು, ಎಲ್ಲ ನನಗೂ ಬಾಯಿಪಾಠವಾಯಿತು. ಪುಸ್ತಕದ ಕೊನೆಯ ಕೆಲವು ಹಾಳೆಗಳಿಗೆ ಮಾತ್ರ ಪಿನ್ನು ಚುಚ್ಚಿತ್ತು. "ಅದು ನಂಗೆ ಬರ್ತೈತೆ, ಬುಡು" ಎನ್ನುತ್ತಿದ್ದರು.

ನನಗೆ ಏಳು ತಿಂಗಳಾಗಿದ್ದಾಗ ಕೊರಟಗೆರೆಯಲ್ಲಿ ನಮ್ಮ ಮಾವನವರ ಅಣ್ಣ ಹಾಸಿಗೆ ಹಿಡಿದರು. ದೊಡ್ಡಕ್ಕ ಹತ್ತು ದಿನ ಅಲ್ಲೇ ಇದ್ದು ನೋಡಿಕೊಂಡರು. ಒಂದು ಹುಣ್ಣಾಗಲು ಬಿಡಲಿಲ್ಲ, ಒಂದು ದಿನ ಮುದುಕರ ಬಾಯಿ ಒಣಗಲು ಬಿಡಲಿಲ್ಲ. ಒಂದು ಬೆಳಿಗ್ಗೆ ಅವರು ಶಿವನ ಪಾದ ಸೇರಿದರು. ನಾನು ಬಸುರಿ, ಸಾವಿನ ಮನೆಗೆ ಹೋಗುವಂತಿರಲಿಲ್ಲ. ಮುಂದಿನದನ್ನು ಯಜಮಾನರೇ ಬಂದು ಹೇಳಿದ್ದು.

ಅಳುವವರು ಅಳುತ್ತಿದ್ದಾಗ ದೊಡ್ಡಕ್ಕ ಕಲಿತ ಕ್ರಮದಂತೆ ಎಲ್ಲ ಮಾಡಿದರಂತೆ. ರೆಪ್ಪೆ ಮುಚ್ಚಿ, ಮೈ ಒರೆಸಿ, ಗಲ್ಲಕ್ಕೆ ಬಟ್ಟೆ ಕಟ್ಟಿ, ಕೈಗಳನ್ನು ಪಕ್ಕಕ್ಕೆ ಚಾಚಿ, ಮಂಡಿ ನೇರ ಮಾಡಿ, ಕಾಲುಗಳನ್ನು ಜೋಡಿಸಿ ಕಟ್ಟಿ, ಮೇಲೆ ಬಿಳಿ ಹೊದಿಕೆ. ನೋಡಿದವರೆಲ್ಲ ಎಷ್ಟು ಅಚ್ಚುಕಟ್ಟು ಎಂದರಂತೆ. ತೋವಿನಕೆರೆಯ ನೆಂಟರು ಬಂದು ಸೇರುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ಆಗ ನೆನಪಾಯಿತು ನೋಡಿ! ನಮ್ಮವರಲ್ಲಿ ಸತ್ತವರನ್ನು ಮಲಗಿಸುತ್ತಾರೆಯೇ? ಪದ್ಮಾಸನ ಹಾಕಿಸಿ, ಎಡಗೈಯಲ್ಲಿ ಲಿಂಗವಿಟ್ಟು, ಕೂತ ಹಾಗೆಯೇ ಕರೆದೊಯ್ದು ಕೂತ ಹಾಗೆಯೇ ಮಣ್ಣಿಗಿಡಬೇಕು. ನಾಲ್ಕು ಜನ ಹಿಡಿದು ಕೂರಿಸಲು ಹೋದರೆ ದೊಡ್ಡ ಮಾವನವರು ಹಲಗೆಯಂತೆ ಹಾಗೆಯೇ ಎದ್ದು ನಿಂತರಂತೆ!

"ಯಾವಳಮ್ಮಾ ಇವ್ರಿಗೆ ಹಿಂಗೆ ಇಸ್ತ್ರಿ ಹೊಡ್ದಿರೋಳು?" ಎಂದರಂತೆ ಕುಲದ ಹಿರಿಯರೊಬ್ಬರು.

ದೊಡ್ಡಕ್ಕ ತಲೆ ತಗ್ಗಿಸಲಿಲ್ಲ. "ನಾನೇ ಕಣ್ರಪ್ಪಾ. ನಮ್ಗೆ ಹೇಳ್ಕೊಟ್ಟ ಮೇಡಮ್ಮು ಇಂಗ್ಲೆಂಡಿನೋರು. ಅವ್ರ ಕಡೆ ಹೆಣ ಮಲಗ್ತಾವೆ. ನಮ್ಮವು ಕೂರ್ತಾವೆ ಅಂತ ನಾನಾದ್ರೂ ಗ್ಯಾಪಕ ಇಟ್ಕೋಬೇಕಿತ್ತು. ಬಿಸಿನೀರು ತನ್ನಿ, ಎಲ್ರೂ ಆಚೆ ಹೋಗಿ."

ಬಿಸಿನೀರಿನ ಬಟ್ಟೆ ಸುತ್ತಿ ಸುತ್ತಿ, ಸೊಂಟ, ಮಂಡಿ, ಗಿಣ್ಣು ಒಂದೊಂದನ್ನೇ ನೀವಿ ನೀವಿ, ಹೊತ್ತು ಇಳಿಯುವ ಹೊತ್ತಿಗೆ ಅವರನ್ನು ಕೂರಿಸಿದರಂತೆ. ಒಳಗಿನಿಂದ ಅಕ್ಕ ಅಳುವುದು ಕೇಳಿಸುತ್ತಿತ್ತು, ನಡುನಡುವೆ "ಸ್ವಲ್ಪ ಬಗ್ಗಿ ದೊಡ್ಡಪ್ಪಾ, ನಿಮ್ ದಮ್ಮಯ್ಯ" ಎನ್ನುವುದೂ ಕೇಳಿಸುತ್ತಿತ್ತು ಎಂದರು ಯಜಮಾನರು. ಮನೆಗೆ ಬಂದವರೇ ಅಕ್ಕ ಪುಸ್ತಕದಲ್ಲಿ ಬರೆದುಕೊಂಡರು: 'ನಮ್ಮವರಾದರೆ ಮೊದಲು ಕೂರಿಸು. ಆಮೇಲೆ ಅಳು.'

ನನಗೆ ದಿನ ತುಂಬಿದಾಗ ಸೂಲಗಿತ್ತಿ ಬಂದಳು. ಪಾವಗಡದ ಕಡೆಯ ಮುದುಕಿ, ಕನ್ನಡಕ್ಕಿಂತ ತೆಲುಗೇ ಹೆಚ್ಚು. ನನ್ನ ಎರಡು ಹೆರಿಗೆಯನ್ನೂ ಮಾಡಿಸಿದ ಒಳ್ಳೆಯ ಜೀವ. ಅವಳು ಹೊಕ್ಕುಳಬಳ್ಳಿ ಕೊಯ್ಯುವ ಕುಡುಗೋಲನ್ನು ಸೊಂಟದಿಂದ ತೆಗೆದಿಟ್ಟಳೋ ಇಲ್ಲವೋ, ದೊಡ್ಡಕ್ಕ ಅದನ್ನು ಎತ್ತಿಕೊಂಡು ಹೋಗಿ ಹಿತ್ತಲಿಗೆ ಎಸೆದರು. ಒಲೆಯ ಮೇಲೆ ಕತ್ತರಿ, ದಾರ, ಅಂಗಡಿಯಿಂದ ತಂದ ಹೊಸ ಬಟ್ಟೆಯ ತುಂಡು, ಎಲ್ಲ ಕುದಿಯುತ್ತಿದ್ದವು.

"ಏಮಮ್ಮಾ, ಕತ್ರೀನ ಬೇಯಿಸ್ತಾ ಇದೀಯಲ್ಲ, ಅದೇನು ಬೇಳೆನಾ?" ಎಂದಳು ಮುದುಕಿ.

"ಊಂ ಅಜ್ಜಿ. ಇನ್ನು ನಿನ್ ಕೈನೂ ಬೇಯಿಸ್ಬೇಕು. ಬಾ, ಮೊಣಕೈ ತನಕ ಸೋಪು ಹಾಕು."

"ಸರಿಲೇಮ್ಮಾ, ಉಪ್ಪು ಹುಳಿ ಹಾಕೋದು ಮರೀಬ್ಯಾಡ!"

ಅಷ್ಟು ನೋವಿನಲ್ಲೂ ನನಗೆ ನಗು ಬಂತು. ನಡುಮಧ್ಯಾಹ್ನಕ್ಕೆ ಹೆಣ್ಣುಮಗು. ಅತ್ತಿತು.

ಆಮೇಲೆ ಅತ್ತೆಯವರು ಪದ್ಧತಿಯಂತೆ ಮಠದ ವಿಭೂತಿ ತಂದರು. ಕೊಯ್ದ ಹೊಕ್ಕುಳಿಗೆ ಅದನ್ನು ಹಚ್ಚುವುದು ನಮ್ಮ ಮನೆಯಲ್ಲಿ ತಲೆತಲಾಂತರದ ನಡವಳಿಕೆ. ಮೊದಲೆರಡು ಮಕ್ಕಳಿಗೂ ನಾನೇ ನನ್ನ ಬೆರಳಿನಿಂದ ಹಚ್ಚಿದ್ದೆ, ದಿನಕ್ಕೆ ಮೂರು ಹೊತ್ತು, ಶಿವ ಶಿವ ಎನ್ನುತ್ತಾ. ದೊಡ್ಡಕ್ಕ ಅಡ್ಡ ನಿಂತರು.

"ಹಣೆಗೆ ಹಚ್ಚವ್ವ, ಎದೆಗೆ ಹಚ್ಚು. ಹೊಕ್ಕುಳಿಗೆ ಬ್ಯಾಡ."

"ಯಾಕೆ? ಶಿವನ ವಿಭೂತಿ ಕಣೇ ಇದು! ಯಾಕೆ ಬ್ಯಾಡ, ಹೇಳು?"

ಕಿಟಕಿ ಯಾಕೆ ತೆರೆದಿಡಬೇಕು ಎಂದರೆ ನಾಲ್ಕು ಕಾರಣ ಕೊಡುವ ಅಕ್ಕ, ನನ್ನ ಕಡೆ ಒಮ್ಮೆ ನೋಡಿ ಬಾಯಿ ಮುಚ್ಚಿಕೊಂಡರು. "ಬ್ಯಾಡ ಅಂದ್ರೆ ಬ್ಯಾಡ" ಎಂದಷ್ಟೇ ಹೇಳಿದರು. ಅತ್ತೆಯವರು ಅಳುತ್ತಾ ಮಠಕ್ಕೆ ಹೇಳಿಕಳಿಸಿದರು. ಅಯ್ಯನವರು ಮಗುವಿಗೆ ಲಿಂಗ ಕಟ್ಟಲು ಬಂದರು. ನಾವು ಅವರ ಪಾದ ತೊಳೆದೆವು. ದೊಡ್ಡಕ್ಕ ತಂಬಿಗೆ, ಸೋಪು ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ಪಾದ ನಾವು ತೊಳೆದ್ವಿ ಬುದ್ಧಿ. ಕೈ ನೀವೇ ತೊಳ್ಕೋಬೇಕು."

ಅತ್ತೆಯವರು ಭೂಮಿ ಬಾಯಿಬಿಡಲಿ ಎಂದು ನಿಂತಿದ್ದರು. ಅಯ್ಯನವರು ಸೋಪು ಇಸಿದುಕೊಂಡು, ಮೊಣಕೈವರೆಗೂ ತೊಳೆದುಕೊಂಡರು. ಲಿಂಗ ಕಟ್ಟಿ, ಹಣೆಗೆ ವಿಭೂತಿ ಇಟ್ಟು, "ಇದರ ಜಾಗ ಇದೇ ತಾಯಿ. ಹೊಕ್ಕುಳಿಗೆ ಇಡ್ರಿ ಅಂತ ನಾವು ಯಾವತ್ತೂ ಹೇಳಿಲ್ವಲ್ಲ" ಎಂದರು. ಹೌದಲ್ಲ! ಯಾರು ಹೇಳಿದ್ದು? ಯಾರೂ ಹೇಳಿರಲಿಲ್ಲ.

ನಾಲ್ಕನೇ ದಿನ ಅಕ್ಕ ಬಟ್ಟೆ ಕುದಿಸಲು ಹೋದಾಗ, ನಾನು ಪುಸ್ತಕದ ಪಿನ್ನು ತೆಗೆದೆ. ದುಂಡಗಿನ ಕನ್ನಡ ಅಕ್ಷರ. 'ಹೊಕ್ಕುಳಿಗೆ ಬೂದಿ, ಸಗಣಿ, ಮಣ್ಣು ಯಾವುದೂ ಸೋಕಬಾರದು. ಸೋಕಿದರೆ ಧನುರ್ವಾಯು. ವಾರ, ಹತ್ತು ದಿನದೊಳಗೆ ದವಡೆ ಬಿಗಿಯುತ್ತದೆ. ಮಗು ಉಳಿಯುವುದಿಲ್ಲ.' ಅಕ್ಷರಗಳ ಕೆಳಗೆ ಎರಡು ಗೆರೆ ಎಳೆದಿತ್ತು. ಒಂದು ಗೆರೆ ಪೆನ್ಸಿಲಿನದು, ಇನ್ನೊಂದು ಶಾಯಿಯದು. ಮಗು ಹೋಯಿತೆಂದು ಮನೆಯಿಂದ ಕಾಗದ ಹೋದ ಎರಡು ಸಲವೂ ಎಳೆದದ್ದೇನೋ, ನಾನು ಕೇಳಿಲ್ಲ. ಪಿನ್ನನ್ನು ಇದ್ದ ತೂತಿಗೇ ಚುಚ್ಚಿಟ್ಟೆ.

ಐದು. ಆರು. ಏಳು. ದೊಡ್ಡಕ್ಕ ಹೊತ್ತುಹೊತ್ತಿಗೆ ಬಂದು ತೊಳೆದ ಕಿರುಬೆರಳನ್ನು ಮಗುವಿನ ಬಾಯಲ್ಲಿಟ್ಟು ನೋಡುವರು. ಮನೆಯಲ್ಲಿ ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ. ಎಂಟನೇ ದಿನ ಬೆರಳಿಟ್ಟವರು ತುಂಬ ಹೊತ್ತು ತೆಗೆಯಲಿಲ್ಲ. "ಚೀಪ್ತಾ ಐತೆ ಕಣೇ," ಎಂದರು. "ಕಳ್ಳಿ, ಬೆರಳು ಬುಡ್ತಾನೇ ಇಲ್ಲ!" ಅತ್ತೆಯವರು ಹೊಸಿಲಲ್ಲೇ ಕೂತು ಶಿವನಿಗೆ ಕೈ ಮುಗಿದರು.

ಮಗುವಿಗೆ ಇಪ್ಪತ್ತು ದಿನವಾದಾಗ ಪಾವಗಡದ ಆಸ್ಪತ್ರೆಗೆ ಬರಬೇಕೆಂದು ದೊಡ್ಡಕ್ಕನಿಗೆ ಆರ್ಡರು ಬಂತು. ಹೊರಡುವ ಬೆಳಿಗ್ಗೆ ಟ್ರಂಕಿಗೆ ಸೀರೆ ಮಡಿಸಿಡುತ್ತಿದ್ದರು. ಯಜಮಾನರು ಬಸ್ಸು ನಿಲ್ಲಿಸಲು ಹೋಗಿದ್ದರು. ಇನ್ನು ಕೇಳದಿದ್ದರೆ ಎಂದೂ ಕೇಳಲಾರೆ ಎನ್ನಿಸಿತು.

"ಅಕ್ಕಾ, ಆ ಎರಡು ಮಕ್ಕಳು ನನ್ ಕೈಯಿಂದಲೇ ಹೋದವಾ?"

ದೊಡ್ಡಕ್ಕ ಸೀರೆ ಮಡಿಸುವುದನ್ನು ನಿಲ್ಲಿಸಲಿಲ್ಲ. "ಇಲ್ಲ ಕಣೇ. ಅವಕ್ಕೆ ಹುಟ್ತಾನೇ ಎದೆ ಸರಿ ಇರ್ಲಿಲ್ಲ. ಎಂಥಾ ಡಾಕ್ಟ್ರು ಬಂದಿದ್ರೂ ಉಳೀತಿರಲಿಲ್ಲ. ನಾನೇ ಮುಟ್ಟಿ ನೋಡಿದ್ನಲ್ಲ."

ಅವರು ಆಗ ಬೆಂಗಳೂರಿನಲ್ಲಿದ್ದರು. ಆ ಮಕ್ಕಳ ಮುಖವನ್ನೂ ಅವರು ಕಂಡವರಲ್ಲ. ಸೀರೆಯ ಮಡಿಕೆ ಸೊಟ್ಟಗಾಗಿತ್ತು, ಅವರದನ್ನು ಬಿಚ್ಚಿ ಮತ್ತೆ ಮಡಿಸುತ್ತಿದ್ದರು.

"ಹೌದಕ್ಕಾ," ಎಂದೆ. "ನೀವೇ ನೋಡಿದ್ರಲ್ಲ."