ಮೇಜಿನ ಹಿಂದೆ ಕೂತವನ ಕಾರ್ಡು

ಇಂಥವೆಲ್ಲ ನಿಮಗೇ ಯಾಕೆ ಆಗುತ್ತವೆ ಅಂತ ಮನೆಯಾಕೆ ಕೇಳುತ್ತಿರುತ್ತಾಳೆ. ಬುದ್ಧಿವಂತರನ್ನು ಹುಡುಕಿಕೊಂಡು ಬರುತ್ತವೆ ಅನ್ನುತ್ತೇನೆ. ಒಪ್ಪುವುದಿಲ್ಲ.

ಮೊನ್ನೆ ಪಕ್ಕದ ಮನೆಯ ಹುಡುಗಿ ಬಂದಿದ್ದಳು. ಇಂಜಿನಿಯರಿಂಗ್ ಕಾಲೇಜಿನಲ್ಲಿ ಡೇಟಾಬೇಸ್ ಪಾಠ ಹೇಳುವವಳು. "ತಾತಾ, ಯಾವ ಮಾಹಿತಿ ಯಾವ ಟೇಬಲ್ಲಿನಲ್ಲಿರಬೇಕು, ಯಾವುದಕ್ಕೂ ಯಾವುದಕ್ಕೂ ಏನು ನಂಟು ಅಂತ ಮೊದಲೇ ಯೋಚಿಸೋಕೆ ಒಬ್ಬ ಬೇಕು. ಅವನು ಎಂಥವನಾಗಿರಬೇಕು ಅನ್ನೋದೇ ನಾಳೆಯ ಪಾಠ" ಅಂದಳು. "ನನ್ನಂಥವನು" ಅಂದೆ. ನಕ್ಕಳು. ನಗಲಿ. ನಮ್ಮ ಕೊಯಮತ್ತೂರು ಕಂಪ್ಯೂಟರಿನ ಮುಖ ನೋಡುವುದಕ್ಕೆ ಎಷ್ಟೋ ಮೊದಲೇ, ಐವತ್ತರ ದಶಕದಲ್ಲಿ, ಒಂದು ಬಿಸ್ಕತ್ತಿನ ಡಬ್ಬ, ಒಂದಿಷ್ಟು ರಟ್ಟಿನ ಕಾರ್ಡು ಇಟ್ಟುಕೊಂಡು ನಾನು ಆ ಕೆಲಸ ಮಾಡಿ ಮುಗಿಸಿದ್ದೆ.

ಆಗ ನಮ್ಮ ಬೀದಿ ಪೂರ್ತಿ ಮಗ್ಗದ ಸದ್ದು, ಗಂಜಿಯ ವಾಸನೆ. ನೇಕಾರರ ಸೊಸೈಟಿಗೆ ನನ್ನ ಸೋದರಮಾವ ಪ್ರೆಸಿಡೆಂಟ್; ಯಾರಿಗೆ ಎಷ್ಟು ನೂಲು ಕೊಟ್ಟೆವು, ಯಾರಿಂದ ಎಷ್ಟು ಸೀರೆ ಬಂತು ಅಂತ ಕಾರ್ಡಿನಲ್ಲಿ ಬರೆಯುವ ಕ್ಲರ್ಕು ನಾನು. ಮಾವನ ಮಗಳು ನನಗೇ ಅಂತ ನಾವು ತೊಟ್ಟಿಲಲ್ಲಿದ್ದಾಗಲೇ ಮಾತಾಗಿತ್ತು. ಆದರೂ ಮಾವ, "ಮೊದಲು ಸೊಸೈಟಿ ಕಾರ್ಡು ಸರಿಮಾಡು, ಆಮೇಲೆ ಮಾಪ್ಳೆ ಅಂತ ಕರೀತೀನಿ. ಇಲ್ಲಾಂದ್ರೆ ಉಡುಮಲೈಪೇಟೆ ತೆಂಗಿನಕಾಯಿ ಮಂಡಿಯವರ ಹುಡುಗ ಕಾಯ್ತಾ ಇದ್ದಾನೆ" ಅಂದುಬಿಟ್ಟರು. ಮಾಪ್ಳೆ ಅಂದರೆ ನಮ್ಮ ಕಡೆ ಅಳಿಯ. ಅಲ್ಲಿಯತನಕ ನಾನು ಬರೀ "ಲೇ ಕ್ಲರ್ಕು".

ನಾಲ್ಕು ರಾಮಲಿಂಗ

ತಾತನ ಹೆಸರು ಮೊಮ್ಮಗನಿಗಿಡುವುದು ನಮ್ಮ ಪದ್ಧತಿ. ಒಬ್ಬ ರಾಮಲಿಂಗ ತಾತನಿಗೆ ನಾಲ್ವರು ಗಂಡುಮಕ್ಕಳು, ಅವರವರ ಹಿರಿಮಗ ರಾಮಲಿಂಗ. ನಾಲ್ವರೂ ಸೊಸೈಟಿಯ ನೇಕಾರರು. ಒಬ್ಬನಿಗೆ ಬಂದ ನೂಲು ಇನ್ನೊಬ್ಬನ ಮಗ್ಗದಲ್ಲಿ ಸೀರೆಯಾಗುತ್ತಿತ್ತು.

ನಾನು ಬಿಡುತ್ತೇನೆಯೇ? ಮೀಸೆ ರಾಮಲಿಂಗ, ಗಡ್ಡದ ರಾಮಲಿಂಗ, ಜುಟ್ಟಿನ ರಾಮಲಿಂಗ, ಬೋಳು ರಾಮಲಿಂಗ ಅಂತ ಕಾರ್ಡು ಬರೆದೆ. ಬೀದಿಯೇ ಭೇಷ್ ಅಂದಿತು. ಮುರುಗನ ಹಬ್ಬ ತೈಪೂಸ ಬಂತು. ಅಣ್ಣತಮ್ಮಂದಿರು ಒಟ್ಟಾಗಿ ಪಳನಿಗೆ ನಡೆದು ಹೋದರು, ಹರಕೆ ತೀರಿಸಿ ಬಂದರು. ನಾನು ನೂಲಿನ ಕಟ್ಟು ಎತ್ತಿ "ಬೋಳು ರಾಮಲಿಂಗ!" ಅಂತ ಕೂಗಿದೆ. ನಾಲ್ವರೂ ಎದ್ದು ನಿಂತರು.

ಅಸಲಿ ಬೋಳನಿಗೆ ಮಾತ್ರ ತಡೆಯದ ಸಿಟ್ಟು. "ಕ್ಲರ್ಕೇ, ನಂದು ಹುಟ್ಟು ಬೋಳು, ಇವರದು ಹರಕೆ ಬೋಳು! ಅದನ್ನೂ ಕಾರ್ಡಲ್ಲಿ ಬರಿ!"

ಒಂದನೇ ನಂಬರು

ಬೆಳೆಯುವುದು, ಬೋಳಿಸುವುದು ಯಾವುದೂ ಗುರುತಾಗಬಾರದು ಅಂತ ನನಗೆ ಹೊಳೆಯಿತು. ಇಂಥದ್ದು ನನಗೇ ಹೊಳೆಯುವುದು. ಎಲ್ಲರಿಗೂ ನಂಬರು ಕೊಡುತ್ತೇನೆ ಅಂದೆ. ಒಂದನೇ ನಂಬರು ಯಾರಿಗೆ? ರಾಮಲಿಂಗರು ಹೊಡೆದಾಡುವುದಕ್ಕೆ ನಿಂತರು. ಮಾವನೂ ಮೀಸೆ ತಿರುವುತ್ತಾ ಕೆಮ್ಮಿದರು. ಒಂದನ್ನು ಬೀದಿಯ ಚೌಡಮ್ಮ ದೇವಿಗೆ ಬರೆದುಬಿಟ್ಟೆ. ದೇವಿಯ ಜೊತೆ ಯಾರು ಜಗಳ ಆಡುತ್ತಾರೆ?

ತಪಾಸಣೆಗೆ ಸಹಕಾರ ಇಲಾಖೆಯ ಇನ್ಸ್‌ಪೆಕ್ಟರು ಬಂದರು. ಡಬ್ಬ ತೆರೆದು ಮೊದಲನೇ ಕಾರ್ಡು ಎತ್ತಿದರು. "ಒಂದನೇ ನಂಬರಿನ ಚೌಡಮ್ಮ ಸೊಸೈಟಿಗೆ ಒಂದು ಸೀರೆಯನ್ನೂ ಕೊಟ್ಟಿಲ್ಲವಲ್ಲ?"

ನನ್ನ ಕಣ್ಣೆದುರಿಗೆ ಉಡುಮಲೈಪೇಟೆಯ ತೆಂಗಿನಕಾಯಿಗಳು ಉರುಳಿದವು. ಮಾವ ಕೈಮುಗಿದು, "ಆಯಮ್ಮ ಕೊಡಲ್ಲ ಸಾರ್. ವರ್ಷಾ ವರ್ಷಾ ನಾವೇ ಉಡಿಸ್ತೀವಿ" ಅಂದರು.

ಒಬ್ಬಳೇ ಅಕ್ಕ

ಇನ್ಸ್‌ಪೆಕ್ಟರು ನಕ್ಕು ರುಜು ಹಾಕಿ ಹೋದರು. ಮದುವೆ ನಿಶ್ಚಯವಾಯಿತು. ಆದರೂ ಮಾವ ಮಾಪ್ಳೆ ಅನ್ನಲಿಲ್ಲ. "ಲೇ ಕ್ಲರ್ಕು, ಮದುವೆ ಬಟ್ಟೆ ಹಂಚೋದೂ ನಿನ್ನ ಕಾರ್ಡಿಂದಾನೇ. ಒಬ್ಬರಿಗೆ ಬಿಟ್ಟುಹೋಯ್ತೋ, ಮಂಡಿಯವರಿಗೆ ಕಾಗದ ಹಾಕ್ತೀನಿ."

ಮೇಜು ಹಾಕಿಕೊಂಡು ಕೂತೆ. ಬಂಧುಗಳು ಒಬ್ಬೊಬ್ಬರಾಗಿ ಮುಂದೆ ಬಂದರು, ಬರೆದುಕೊಂಡೆ. ಒಬ್ಬರಿಗೆ ಒಂದೇ ಕಾರ್ಡು, ಒಂದು ಕಾರ್ಡಿಗೆ ಒಂದೇ ಬಟ್ಟೆ; ಕಾರ್ಡಿಲ್ಲದವರಿಗೆ ಸೊಸೈಟಿಯಿಂದ ಒಂದು ತುಂಡೂ ಇಲ್ಲ. ಕಾನೂನು ನನ್ನದೇ.

ನನ್ನ ಸ್ವಂತ ಅಕ್ಕ ಬಂದಳು. ಅವಳನ್ನು ಕೊಟ್ಟಿದ್ದು ನಮ್ಮ ಚಿಕ್ಕ ಸೋದರಮಾವನಿಗೇ. ಹಾಗಾಗಿ ಮದುಮಗನಿಗೆ ಅಕ್ಕ, ಮದುಮಗಳಿಗೆ ಚಿಕ್ಕಮ್ಮ.

"ಎರಡು ಸೀರೆ" ಅಂದಳು.

"ಮನುಷ್ಯಳು ಒಬ್ಬಳೇ ಅಲ್ವೇನಕ್ಕಾ?"

"ಎಲೆ ಹಾಕುವಾಗ ಒಬ್ಬಳು ಕಣೋ, ಸೀರೆ ಕೊಡುವಾಗ ಇಬ್ಬರು. ಅಷ್ಟೂ ತಿಳೀದೆ ಡಬ್ಬ ಹೊತ್ಕೊಂಡು ಮೆರೀತೀಯಲ್ಲ!"

ಕಾನೂನು ತಿದ್ದಿದೆ. ಊಟಕ್ಕೆ ತಲೆ ಎಣಿಸಬೇಕು, ಉಡುಗೊರೆಗೆ ನಂಟು ಎಣಿಸಬೇಕು. ಇದನ್ನೂ ನಾನೇ ಕಂಡುಹಿಡಿದೆ ಅಂತ ಎಲ್ಲರಿಗೂ ಹೇಳುತ್ತಾ ಬಂದಿದ್ದೇನೆ. ಅಕ್ಕನ ಮುಂದೆ ಹೇಳುವುದಿಲ್ಲ.

ಎರಡನೇ ತರ

ಮುಹೂರ್ತದ ಬೆಳಿಗ್ಗೆ ಬೀದಿಗೆ ಬೀದಿಯೇ ಹೊಸ ಬಟ್ಟೆಯಲ್ಲಿ ಗರಗರ ಅನ್ನುತ್ತಿತ್ತು. ಒಬ್ಬರೂ ಬಿಟ್ಟುಹೋಗಿರಲಿಲ್ಲ, ಒಂದು ಜಗಳವೂ ಆಗಿರಲಿಲ್ಲ. ಎದೆ ಉಬ್ಬಿಸಿಕೊಂಡು ಸ್ನಾನ ಮುಗಿಸಿ, ಒದ್ದೆ ಪಂಚೆಯಲ್ಲೇ ಬಟ್ಟೆ ಹಂಚುವ ಸೊಸೈಟಿ ಸ್ಟೋರಿನವನ ಮುಂದೆ ನಿಂತೆ. "ನನ್ನ ಧೋತ್ರ ಕೊಡಣ್ಣಾ."

"ಕಾರ್ಡು?"

"ನಾನೇ ಮದುಮಗ ಕಣಣ್ಣಾ!"

"ಇರಬಹುದು. ಕಾರ್ಡು?"

ಡಬ್ಬ ತಡಕಿದೆ. ಮದುಮಗಳ ಕಾರ್ಡಿತ್ತು. ಅಕ್ಕನದಿತ್ತು, ವಾಲಗದವರದಿತ್ತು, ಚೌಡಮ್ಮನದೂ ಇತ್ತು. ನನ್ನದಿಲ್ಲ. ಮೇಜಿನ ಮುಂದೆ ಬಂದವರಿಗೆಲ್ಲ ಬರೆದಿದ್ದೆ. ಮೇಜಿನ ಹಿಂದೆ ಕೂತವನಿಗೆ ಯಾರು ಬರೆಯಬೇಕು? ಧೋತ್ರಗಳೆಲ್ಲ ಹಂಚಿ ಮುಗಿದಿದ್ದವು.

ಪುರೋಹಿತರು ಕೂಗುತ್ತಿದ್ದರು. ಮಾವ ಓಡಿಬಂದರು. ನನ್ನನ್ನು ನೋಡಿದರು, ಡಬ್ಬ ನೋಡಿದರು. ಬಟ್ಟೆ ಬಿಟ್ಟುಹೋಗಿದ್ದು ಒಬ್ಬನಿಗೆ, ಅದೂ ನನಗೆ. ಕಾಗದ ಮಂಡಿಗೆ ಹೋಯಿತು ಅಂದುಕೊಂಡೆ. ಅವರು ಮೂಲೆಯ ರಾಶಿಯಿಂದ ಒಂದು ಧೋತ್ರ ಎಳೆದು ನನ್ನ ಮೇಲೆಸೆದರು. ನೇಯ್ಗೆ ತಪ್ಪಿದ್ದಕ್ಕೆ ಮಾವನೇ ಮೊಹರು ಹೊಡೆದು ಪಕ್ಕಕ್ಕಿಟ್ಟ ಕಳಪೆ ಮಾಲು ಅದು.

"ಉಟ್ಕೊಳ್ಳಿ ಮಾಪ್ಳೆ. ಈ ಮಾಲಿಗೆ ಕಾರ್ಡು ಬೇಡ."

ತಾಳಿ ಕಟ್ಟುವ ಹೊತ್ತಿಗೆ ಹಿಂದೆ ಕೂತ ಹೆಂಗಸರೆಲ್ಲ ಕಿಸಕಿಸ ನಗುತ್ತಿದ್ದರು. ನನ್ನ ಸೊಂಟದ ಹಿಂದೆ, ದಪ್ಪ ನೀಲಿ ಅಕ್ಷರದಲ್ಲಿ, ಸೊಸೈಟಿಯ ಮೊಹರು: ಎರಡನೇ ತರ.

ಏಳು ಹೆಜ್ಜೆ ಮುಗಿದ ಮೇಲೆ ಹೊಸ ಹೆಂಡತಿಯ ಕಿವಿಯಲ್ಲಿ, "ಒಗೆದರೆ ಹೋಗುತ್ತೆ" ಅಂದೆ.

ತಲೆ ಬಗ್ಗಿಸಿಕೊಂಡೇ ಹೇಳಿದಳು: "ಇರಲಿ ಬಿಡಿ. ಅಪ್ಪ ಎಲ್ಲಾ ಕಡೆ ತಿರುಗಿಸಿ ನೋಡದೆ ಮೊಹರು ಹೊಡೆಯಲ್ಲ."